ಅಣ್ಣನ ಎಡಗೆನ್ನೆ

ಫೆಬ್ರವರಿ 12, ಬುಧವಾರ

ಪ್ಲಾಸ್ಟರ್ ಬಿಚ್ಚಿದರು. ಬಲಗೈ ಹೊರಗೆ ಬಂತು. ಯಾರೋ ಮುದುಕನ ಕೈ. ದಿನಾ ಮೂರು ಸಾಲು ಬರೆಯಬೇಕಂತೆ, ವ್ಯಾಯಾಮಕ್ಕೆ. ಬರೆದೆ.

ಫೆಬ್ರವರಿ 14, ಶುಕ್ರವಾರ

ಮೂರು ಸಾಲಿಗೇ ಹೆಬ್ಬೆರಳು ನೋಯುತ್ತದೆ. ಚಮಚ ಬಾಯಿಗೆ ಬರುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಹೆಂಡತಿ ನೋಡಿಯೂ ನೋಡದ ಹಾಗೆ ಟವೆಲ್ ತಂದು ನನ್ನ ಕುತ್ತಿಗೆಗೆ ಸುತ್ತಿದಳು. ಕಟಿಂಗ್ ಅಂಗಡಿಯಲ್ಲಿ ನಾನು ಗಿರಾಕಿಗೆ ಬಟ್ಟೆ ಹೊದಿಸುವ ಹಾಗೆಯೇ. ಸಿಟ್ಟು ಬಂತು.

ಫೆಬ್ರವರಿ 17, ಸೋಮವಾರ

ಕೈ ಮೇಡಂ ಹತ್ತಿರ ಹೋಗಿ ಬಂದೆ. ಆ ಹೆಸರು ನಾನಿಟ್ಟದ್ದು. ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಮುರಿದ ಕೈಗಳಿಗೆ ವ್ಯಾಯಾಮ ಹೇಳಿಕೊಡುವವರು. ಮುಖ ನೋಡುವ ಮೊದಲು ಬೆರಳು ನೋಡುತ್ತಾರೆ. ನಾನು ಮುಖ ನೋಡುವ ಮೊದಲು ಕ್ರಾಪು ನೋಡುವವನು, ಹಾಗಾಗಿ ತಪ್ಪು ಹೇಳುವಂತಿಲ್ಲ.

“ಏನು ಕೆಲಸ ನಿಮ್ಮದು?”

“ಕಟಿಂಗ್, ಶೇವಿಂಗ್. ನಾನು, ನಮ್ಮಣ್ಣ. ಎರಡು ಕುರ್ಚಿ ಅಂಗಡಿ. ಇಪ್ಪತ್ತಾರು ವರ್ಷ ಆಯ್ತು.”

“ಬಿದ್ದಿದ್ದು ಹೇಗೆ?”

“ಕನ್ನಡಿ ಮೇಲ್ಗಡೆ ಒರೆಸ್ತಾ ಇದ್ದೆ. ಸ್ಟೂಲು ಜಾರ್ತು.”

ಕತ್ತರಿ ಹಿಡಿಯುವುದು ಬೇಗ ಬರುತ್ತದಂತೆ. ರೇಜರ್ ಯಾವಾಗ ಎಂದು ಕೇಳಿದೆ. ಅವರು ನನ್ನ ಕೈಗೆ ಪೆನ್ಸಿಲ್ ಕೊಟ್ಟು ಒಂದು ಗೆರೆ ಎಳೆಯಲು ಹೇಳಿದರು. ಎಳೆದೆ. ಇಬ್ಬರೂ ನೋಡಿದೆವು.

“ಚಿತ್ರ ಬರೀರಿ,” ಎಂದರು.

“ಮೇಡಂ, ನನಗೆ ಐವತ್ತು ದಾಟ್ತು.”

“ದಾಟ್ಲಿ ಬಿಡಿ. ರಬ್ಬರ್ ಚೆಂಡು ಹಿಸುಕೋಕೆ ಕೊಟ್ರೆ ನೀವು ಹಿಸುಕಿದೀನಿ ಅಂತೀರಿ, ನಾನು ನಂಬಬೇಕು. ಗೆರೆ ಸುಳ್ಳು ಹೇಳಲ್ಲ. ದಿನಕ್ಕೊಂದು ಪುಟ. ಮೂಲೇಲಿ ತಾರೀಕು. ಎಷ್ಟು ಕೆಟ್ಟದಾಗಿದ್ರೂ ಹರಿಯೋ ಹಾಗಿಲ್ಲ.”

ಶಾಲೆಯಲ್ಲಿ ನನ್ನ ಆನೆಯನ್ನು ಮೇಷ್ಟ್ರು ಹಂದಿ ಎಂದುಕೊಂಡು ಒಳ್ಳೆಯ ಮಾರ್ಕು ಕೊಟ್ಟಿದ್ದರು. ಅದಾದ ಮೇಲೆ ನಾನು ಚಿತ್ರದ ತಂಟೆಗೆ ಹೋದವನಲ್ಲ.

ಫೆಬ್ರವರಿ 18, ಮಂಗಳವಾರ

ಡ್ರಾಯಿಂಗ್ ಪುಸ್ತಕದ ಮೊದಲ ಪುಟ. ನಲವತ್ತು ನೇರ ಗೆರೆ. ಒಂದೂ ನೇರವಿಲ್ಲ. ಕಾಗೆ ಕಾಲು ಗುಬ್ಬಿ ಕಾಲು.

ಫೆಬ್ರವರಿ 23, ಭಾನುವಾರ

ಅಂಗಡಿ ಮುಚ್ಚಿ ಅಣ್ಣ ಮನೆಗೆ ಬಂದ. ಆಸ್ಪತ್ರೆಯಲ್ಲಿ ನೋಡಿ ಹೋದವನು, ಮತ್ತೆ ಬಂದದ್ದು ಇವತ್ತೇ. ಸೋಫಾದ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ವಿಚಿತ್ರ ಮುಜುಗರ. ಅವನು ನನ್ನ ಕಡೆ ತಿರುಗಿದರೆ ನಾನು ಚಪ್ಪಲಿ ನೋಡುತ್ತೇನೆ, ನಾನು ತಿರುಗಿದರೆ ಅವನು ಫ್ಯಾನ್ ನೋಡುತ್ತಾನೆ. ಜಗಳವೇನೂ ಇಲ್ಲ ನಮ್ಮ ನಡುವೆ. ದಿನಕ್ಕೆ ಹತ್ತು ತಾಸು ಪಕ್ಕಪಕ್ಕ ನಿಂತು ಮಾತಾಡಿದವರೇ.

ಆಮೇಲೆ ಇಬ್ಬರ ಕಣ್ಣೂ ಎದುರಿಗಿದ್ದ ಟೀವಿಯ ಮೇಲೆ ಬಿತ್ತು. ಆರಿಸಿಟ್ಟ ಟೀವಿ. ಕಪ್ಪು ಗಾಜಿನಲ್ಲಿ ಸೋಫಾ, ಅವನು, ನಾನು. ತಕ್ಷಣ ಮಾತು ಸಲೀಸಾಯಿತು. ಅಂಗಡಿಯಲ್ಲೂ ನಾವು ಮಾತಾಡುವುದು ಕನ್ನಡಿಯೊಳಗೇ ಅಲ್ಲವೆ? ಕೈ ಗಿರಾಕಿಯ ತಲೆಯ ಮೇಲೆ, ಕಣ್ಣು ಕನ್ನಡಿಯಲ್ಲಿ.

“ಶಿಳ್ಳೆ ಕೇಳ್ತಿದಾನೆ,” ಎಂದ ಅಣ್ಣ, ಟೀವಿಗೆ.

ಶಿಳ್ಳೆ ಎಂದರೆ ನನ್ನ ಕುರ್ಚಿಗೆ ಅಣ್ಣ ತಾತ್ಕಾಲಿಕವಾಗಿ ಕರೆಸಿಕೊಂಡ ಕೆಲಸಗಾರ. ಕತ್ತರಿ ಆಡುವಷ್ಟು ಹೊತ್ತೂ ಶಿಳ್ಳೆ ಹಾಕುತ್ತಾನಂತೆ.

“ಏನಂತೆ?”

“ಮೇ ಹನ್ನೆರಡರ ತನಕ ಇರ್ತಾನಂತೆ. ಆಮೇಲೂ ಇರ್ಬೇಕು ಅಂದ್ರೆ ಖಾಯಂ ಮಾಡು ಅಂತಾನೆ. ಬೇರೆ ಅಂಗಡಿಯವರು ಕರೀತಿದಾರಂತೆ.”

“ನೀನೇನಂದೆ?”

“ನೋಡೋಣ ಅಂದೆ.”

ಅಣ್ಣನ ಬಾಯಲ್ಲಿ ‘ನೋಡೋಣ’ ಅಂದರೆ ಹೌದೂ ಆಗಬಹುದು, ಅಲ್ಲವೂ ಆಗಬಹುದು. ಹೆಣ್ಣು ನೋಡಲು ಹೋದಾಗ ಅತ್ತಿಗೆಯ ವಿಷಯಕ್ಕೂ ಅವನು ಅದನ್ನೇ ಅಂದಿದ್ದ.

ಮೇ ಹನ್ನೆರಡಕ್ಕೆ ಎಪ್ಪತ್ತೆಂಟು ದಿನ. ಎಪ್ಪತ್ತೆಂಟು ಪುಟ. ಅಷ್ಟರಲ್ಲಿ ರೇಜರ್ ಬಾರದಿದ್ದರೆ ಕುರ್ಚಿ ಹೋದಂತೆಯೇ. ಗಡ್ಡ ತೆಗೆಯಲಾಗದವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಮಾರ್ಚ್ 1, ಶನಿವಾರ

ಗೆರೆ ಮುಗಿಸಿ ಲೋಟಕ್ಕೆ ಬಂದಿದ್ದೇನೆ. ಇವಳು ಬಗ್ಗಿ ನೋಡಿದಳು. “ಬಕೆಟ್ಟಾ?” ಎಂದಳು. ಪುಸ್ತಕ ಎಳೆದುಕೊಂಡೆ. “ಹಿಡಿ ಮಾತ್ರ ಚೆನ್ನಾಗಿದೆ,” ಎಂದಳು. ಲೋಟಕ್ಕೆ ಹಿಡಿ ಇಲ್ಲ. ಅದು ಕೈ ಜಾರಿದ ಗೆರೆ.

ಮಾರ್ಚ್ 2, ಭಾನುವಾರ

ಲೋಟ.

ಮಾರ್ಚ್ 3, ಸೋಮವಾರ

ಲೋಟ. ಸಾಕಪ್ಪಾ ಸಾಕು.

ಮಾರ್ಚ್ 10, ಸೋಮವಾರ

ಒಂದು ವಾರ ಪುಸ್ತಕ ಮುಟ್ಟಿರಲಿಲ್ಲ. ನಿನ್ನೆ ಸಂಜೆ ಕೂತು ಆರು ಪುಟ ಒಟ್ಟಿಗೆ ಗೀಚಿ, ಆರು ತಾರೀಕು ಹಾಕಿದೆ. ಬೇರೆಬೇರೆ ಪೆನ್ನಿನಲ್ಲಿ. ಜಾಣತನ ಅಂದುಕೊಂಡೆ.

ಕೈ ಮೇಡಂ ಪುಟ ತಿರುವಿದರು. “ಈ ಆರೂ ಒಂದೇ ದಿನದ್ದು.”

“ಇಲ್ಲ ಮೇಡಂ, ತಾರೀಕು ನೋಡಿ.”

“ಮೊದಲ್ನೇದರಲ್ಲಿ ಕೈಗೆ ಸುಸ್ತಿಲ್ಲ. ಆರನೇದರಲ್ಲಿ ಸುಸ್ತಾಗಿ ಬಿದ್ದೋಗಿದೆ. ದಿನಾ ಬೆಳಿಗ್ಗೆ ಹೊಸದಾಗಿ ಬರೆದ ಕೈ ಹೀಗೆ ಇಳೀತಾ ಹೋಗಲ್ಲ.”

ಸಿಕ್ಕಿಬಿದ್ದೆ. ನಾನೂ ಹಾಗೆಯೇ, ತಲೆ ನೋಡಿದರೆ ಸಾಕು, ಯಾರು ಬೇರೆ ಅಂಗಡಿಗೆ ಹೋಗಿ ಬಂದಿದ್ದಾರೆಂದು ಹೇಳುತ್ತೇನೆ. “ಇಲ್ಲಣ್ಣ, ನಿಮ್ಹತ್ರನೇ ಮಾಡಿಸಿದ್ದು,” ಎಂದು ಅವರು ಗಲ್ಲ ಒರೆಸಿಕೊಳ್ಳುತ್ತಾರೆ. ಇವತ್ತು ನಾನು ಒರೆಸಿಕೊಂಡೆ.

“ಲೋಟ ಬೇಜಾರಾದ್ರೆ ಲೋಟ ಬಿಡಿ,” ಎಂದರು. “ನಿಮಗೆ ಕಣ್ಮುಚ್ಚಿದ್ರೂ ಗೊತ್ತಿರೋದು ಏನಿದೆ, ಅದನ್ನ ಬರೀರಿ. ಹತ್ತೇ ನಿಮಿಷ. ಹನ್ನೊಂದನೇ ನಿಮಿಷ ಬೇಕು ಅನ್ನಿಸಿದ್ರೂ ಎದ್ದುಬಿಡಿ.”

ಬೇಕು ಅನ್ನಿಸುತ್ತದಂತೆ. ತಮಾಷೆಯೇ ಸರಿ.

ಮಾರ್ಚ್ 12, ಬುಧವಾರ

ಕಿವಿ.

ಕಿವಿ ನನಗೆ ಗೊತ್ತು. ಸಾವಿರಾರು ಕಿವಿ ಮಡಚಿ ಹಿಂದಿನ ಕೂದಲು ತೆಗೆದಿದ್ದೇನೆ. ಕಾಗದದ ಮೇಲೆ ನಡುಗುತ್ತಲೇ ಬಂತು, ಆದರೆ ಕಿವಿಯೇ ಬಂತು. ಬಕೆಟ್ ಅಲ್ಲ.

ಮಾರ್ಚ್ 16, ಭಾನುವಾರ

ಐದು ದಿನದಲ್ಲಿ ಕಿವಿ ಹದಿನೇಳು, ಹಿಂದಲೆ ಎಂಟು. ಸುಳಿ ಎಲ್ಲಿದೆ, ಕತ್ತಿನ ಗುಳಿ ಎಲ್ಲಿದೆ, ಎಲ್ಲ ಬೆರಳಿಗೇ ನೆನಪಿದೆ. ಇವಳು ಒಂದನ್ನು ನೋಡಿ, “ಇದು ಅಂಚೆಯವರ ತಲೆ ಅಲ್ವಾ?” ಎಂದಳು. ಹೌದು, ಅಂಚೆಯವರದೇ. ಎಡಗಡೆಗೆ ಎರಡು ಸುಳಿ ಇರುವವರು ನಮ್ಮ ಬೀದಿಯಲ್ಲಿ ಅವರೊಬ್ಬರೇ.

ಖುಷಿಯಾಯಿತು. ಎಷ್ಟೆಂದರೆ, ಅಡುಗೆಮನೆಯವರೆಗೂ ಅವಳ ಹಿಂದೆ ಹೋಗಿ, “ಹೇಗೆ ಗೊತ್ತಾಯ್ತು? ಹೇಗೆ ಗೊತ್ತಾಯ್ತು?” ಎಂದು ಎರಡು ಸಲ ಕೇಳಿದೆ.

ಮುಖ ಮಾತ್ರ ಬರುವುದಿಲ್ಲ. ನನಗೆ ಸಿಗುವ ಮುಖಗಳೆಲ್ಲ ನೊರೆಯ ಅಡಿಯಲ್ಲಿರುತ್ತವೆ.

ಮಾರ್ಚ್ 25, ಮಂಗಳವಾರ

ಔಷಧಿ ತರುವ ನೆಪದಲ್ಲಿ ಅಂಗಡಿಯ ಎದುರು ಬದಿಯಿಂದ ಹಾದು ಬಂದೆ. ಒಳಗೆ ಹೋಗಲಿಲ್ಲ. ಶಿಳ್ಳೆ ನನ್ನ ಪೌಡರ್ ಡಬ್ಬಿಯನ್ನು ಎಡಗಡೆ ಇಟ್ಟುಕೊಂಡಿದ್ದಾನೆ. ನಾಲ್ಕು ಜನ ಬೆಂಚಿನಲ್ಲಿ ಕಾಯುತ್ತಿದ್ದರು. ಅಣ್ಣನ ಕುರ್ಚಿ ಖಾಲಿ ಇತ್ತು, ಆದರೂ ಕಾಯುತ್ತಿದ್ದರು. ಶಿಳ್ಳೆ ಏನೋ ಹೇಳಿದ, ಅಣ್ಣ ಕನ್ನಡಿಯಲ್ಲಿ ನಕ್ಕ.

ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ.

ಮಾರ್ಚ್ 27, ಗುರುವಾರ

ಕಸುಬು ಕಲಿಸಿದ ಚಿಕ್ಕಪ್ಪ ನಮಗಿಬ್ಬರಿಗೂ ಮೊದಲು ಬಲೂನು ಕೊಟ್ಟಿದ್ದರು. ಊದಿದ ಬಲೂನಿಗೆ ನೊರೆ ಹಚ್ಚಿ ರೇಜರಿನಲ್ಲಿ ತೆಗೆಯಬೇಕು. ಒಡೆಯದೆ ನೂರು ಬಲೂನು ಆದ ಮೇಲೇ ಮನುಷ್ಯರ ಗಂಟಲು.

ಇವತ್ತು ಬಲೂನು ತಂದು, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ನೊರೆ ಹಚ್ಚಿದೆ. ರೇಜರ್ ಇಟ್ಟೆ. ಎಳೆಯಲೇ ಇಲ್ಲ ಇನ್ನೂ, ಸುಮ್ಮನೆ ಇಟ್ಟೆ. ಒಡೆಯಿತು.

ಇವಳು ಓಡಿ ಬಂದು ಬಾಗಿಲು ತಟ್ಟಿದಳು. “ಏನಾಯ್ತು ರೀ?” ಮುಖದ ತುಂಬ ನೊರೆ ಸಿಡಿದಿತ್ತು. ಏನೂ ಇಲ್ಲ ಎಂದೆ. ಹೊರಗೆ ಬಂದು ಡ್ರಾಯಿಂಗ್ ಪುಸ್ತಕದಿಂದ ನಾಲ್ಕು ಹಾಳೆ ಹರಿದೆ. ಹರಿಯುವುದಕ್ಕೆ ಕೈ ಚೆನ್ನಾಗಿಯೇ ಬರುತ್ತದೆ.

ಏಪ್ರಿಲ್ 9, ಬುಧವಾರ

ಏನೂ ಬರೆದಿರಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಆಸ್ಪತ್ರೆಗೂ ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಊಟದ ಮೇಜಿನ ಮೇಲೆ ನನ್ನ ಪುಸ್ತಕ ತೆರೆದು ಬಿದ್ದಿತ್ತು. ಕಿವಿಗಳ ಪುಟ. ಆರನೇ ಕಿವಿಗೂ ಏಳನೇ ಕಿವಿಗೂ ನಡುವೆ ಇವಳ ಅಕ್ಷರ: ಉಪ್ಪು, ಸೋಪು, ಬಲ್ಬು, ಬಟ್ಟೆ ಕ್ಲಿಪ್ಪು.

“ಏನೇ ಇದು? ಮನೇಲಿ ಬೇರೆ ಕಾಗದ ಇಲ್ವಾ?”

“ಬೇಡದ ಪುಸ್ತಕ ಅಂದ್ಕೊಂಡೆ. ಮೂಲೇಲಿ ಬಿದ್ದಿತ್ತು.”

“ಬೇಡದ್ದು ಅಂತ ಯಾರು ಹೇಳಿದ್ರು ನಿಂಗೆ?”

“ಬೇಕಾದ್ದು ಅಂತಾನೂ ಯಾರೂ ಹೇಳ್ಲಿಲ್ಲ,” ಎಂದು ಪಾತ್ರೆ ತೊಳೆಯಲು ಹೋದಳು.

ಮೈ ಉರಿದುಹೋಯಿತು. ಹದಿಮೂರು ದಿನದ ಹಿಂದೆ ನಾನೇ ಹರಿದೆನಲ್ಲ, ಅದು ಬೇರೆ ಮಾತು. ನನ್ನ ಕಿವಿಗಳ ನಡುವೆ ಸೋಪು ಬರೆಯುವುದೆಂದರೇನು? ಪುಸ್ತಕ ಕಸಿದುಕೊಂಡು ರೂಮಿಗೆ ಬಂದೆ. ಹರಿದ ನಾಲ್ಕು ಹಾಳೆಯೂ ಅದರೊಳಗೇ ಇದ್ದವು, ಹಿಂಬದಿಯಲ್ಲಿ ಟೇಪು ಹಚ್ಚಿ. ಯಾವಾಗ ಹಚ್ಚಿದಳೋ. ಸಿಟ್ಟಿಗೆ ಒಂದು ಕಿವಿ ಬರೆದೆ. ಆಮೇಲೆ ಇನ್ನೊಂದು. ಎದ್ದಾಗ ಮುಕ್ಕಾಲು ತಾಸು ಆಗಿತ್ತು.

ಮನೆಯಲ್ಲಿ ಸೋಪು ಇನ್ನೂ ಮೂರು ಇವೆ. ಬಲ್ಬೂ ಇದೆ. ಇವಳಿಗೆ ಮರೆವು ಜಾಸ್ತಿಯಾಗಿದೆ.

ಏಪ್ರಿಲ್ 13, ಭಾನುವಾರ

ಮುಖ ಕಲಿಯಬೇಕು ಅಂತ ಇವಳನ್ನು ಕಿಟಕಿಯ ಪಕ್ಕ ಕೂರಿಸಿದೆ. ಬಟಾಣಿ ಸುಲಿಯುತ್ತ ಕೂತಳು.

“ಇದೇನು, ಹುಬ್ಬಿನ ಮೇಲೆ ಗಾಯ? ಯಾವಾಗ ಆಯ್ತು?”

“ಎಂಟನೇ ವಯಸ್ಸಲ್ಲಿ.”

“ನಂಗೆ ಹೇಳ್ಲೇ ಇಲ್ಲ?”

“ಹಣೆ ಮೇಲೇ ಇತ್ತಲ್ಲ,” ಎಂದಳು.

ಚಿತ್ರ ಅವಳ ತಂಗಿಯ ಹಾಗೆ ಬಂತು, ಕೆಟ್ಟ ದಿನದಲ್ಲಿ. ಗಾಯ ಮಾತ್ರ ಸರಿಯಾದ ಜಾಗದಲ್ಲಿದೆ. ಮೇಡಂ ಹೇಳಿದ ಹತ್ತು ನಿಮಿಷದ ನಿಯಮ ಮುರಿದದ್ದಕ್ಕೆ ಹೆಬ್ಬೆರಳು ನೋಯುತ್ತಿದೆ.

ಏಪ್ರಿಲ್ 14, ಸೋಮವಾರ

ಕೈ ಮೇಡಂ ಬೈಯಲಿಲ್ಲ. ಹನ್ನೆರಡು ದಿನದ ಖಾಲಿಯನ್ನೂ ಕೇಳಲಿಲ್ಲ. ಮೊದಲ ಪುಟದ ಗೆರೆ ಮತ್ತು ನಿನ್ನೆಯ ಹುಬ್ಬು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ನನಗೇನೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. “ಕಾಣುತ್ತೆ, ತಡವಾಗಿ,” ಎಂದರು. ಇಪ್ಪತ್ತೆಂಟು ದಿನ ಉಳಿದಿವೆ.

ಏಪ್ರಿಲ್ 20, ಭಾನುವಾರ

ಅಣ್ಣನನ್ನು ನೆನಪಿನಿಂದ ಬರೆಯಲು ಹಿಡಿದು ಇವತ್ತಿಗೆ ಮೂರನೇ ದಿನ. ಎದುರಿಗೆ ಕೂರಿಸಿಕೊಳ್ಳುವುದು ಆಗದ ಮಾತು. ಅವನು ಫ್ಯಾನ್ ನೋಡುತ್ತಾನೆ.

ಬೇಕಾಗಿಯೂ ಇಲ್ಲ. ಕಣ್ಣು ಮುಚ್ಚಿದರೆ ಅವನ ಮುಖ ಇದೆ. ಬೈತಲೆ, ನಗುವಾಗ ಮೇಲೇಳುವ ಒಂದೇ ಹುಬ್ಬು, ಮದುವೆಯಾದ ವರ್ಷ ಕೆನ್ನೆಯ ಮೇಲೆ ಮೂಡಿದ ಆ ದಪ್ಪ ಮಚ್ಚೆ. ದಿನಾ ಬೆಳಿಗ್ಗೆ ಶೇವ್ ಮಾಡಿಕೊಳ್ಳುವಾಗ ಅದನ್ನು ಸುತ್ತಿಕೊಂಡು ಹೋಗುತ್ತಾನೆ, ರಸ್ತೆಯ ನಡುವಿನ ಕಲ್ಲನ್ನು ಸೈಕಲ್ಲಿನವನು ಬಳಸಿ ಹೋಗುವ ಹಾಗೆ.

ಸಂಜೆ ಐದರ ಹೊತ್ತಿಗೆ ಅಣ್ಣ ಕಾಗದದ ಮೇಲೆ ಬಂದುಬಿಟ್ಟ. ನಾನೇ ಬೆಚ್ಚಿದೆ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಓಡಾಡಿ ಮತ್ತೆ ತೆರೆದೆ. ಅಲ್ಲೇ ಇದ್ದ.

ಏಪ್ರಿಲ್ 27, ಭಾನುವಾರ

ಅತ್ತಿಗೆ ಬಂದಿದ್ದರು. ಇವಳು ಕಾಯಲಿಲ್ಲ, ಕಾಫಿಗೂ ಮೊದಲೇ ಪುಸ್ತಕ ತಂದು ತೆರೆದಳು. ಅತ್ತಿಗೆ ಕನ್ನಡಕ ಹಾಕಿಕೊಂಡು ನೋಡಿದರು. ಹತ್ತಿರ ಹಿಡಿದು, ದೂರ ಹಿಡಿದು.

“ನಿಮ್ಮಣ್ಣನ ಹಾಗೇ ಇದಾರೆ,” ಎಂದರು. “ಆದ್ರೆ ನಿಮ್ಮಣ್ಣ ಅಲ್ಲ.”

“ಅಂದ್ರೆ?”

“ಅದೇ ಗೊತ್ತಾಗ್ತಿಲ್ಲ. ಅವಳಿಜವಳಿ ಅಣ್ಣ ಇದ್ದಿದ್ರೆ ಹೀಗಿರ್ತಿದ್ರೇನೋ.” ಆಮೇಲೆ ಬೆರಳಿಟ್ಟರು. “ಅಯ್ಯೋ, ಮಚ್ಚೆ! ಮಚ್ಚೆ ಬಲಗಡೆ ಹಾಕಿದೀರಲ್ಲ. ಅವರದ್ದು ಎಡಗೆನ್ನೆ. ಬೈತಲೇನೂ ಆಕಡೆದು.”

ಇಲ್ಲ ಅತ್ತಿಗೆ, ನಾನು ದಿನಾ ನೋಡ್ತೀನಿ, ಎಂದೆ. ನಾನು ದಿನಾ ಎದುರಿಗೆ ಕೂತು ಉಣ್ತೀನಿ, ಎಂದರು ಅವರು. ಇವಳು ಹೋಗಿ ಅವರ ಮದುವೆ ವಾರ್ಷಿಕೋತ್ಸವದ ಫೋಟೋ ತಂದಳು. ಎಡಗೆನ್ನೆ.

ಅವರು ಹೋದ ಮೇಲೆ ಬಚ್ಚಲ ಕನ್ನಡಿಯ ಮುಂದೆ ನಿಂತು ಲೆಕ್ಕ ಹಾಕಿದೆ. ನನ್ನ ಎಡ ಕಿವಿ ಮುಟ್ಟಿದೆ. ಕನ್ನಡಿಯಲ್ಲೂ ನನ್ನ ಎಡಗಡೆಗೇ ಇತ್ತು. ಎದುರಿಗೆ ನಿಂತ ಮನುಷ್ಯನಾಗಿದ್ದರೆ ಅದು ಬಲಗಡೆಗೆ ಕಾಣಬೇಕಿತ್ತು. ಅಷ್ಟೇ ವಿಷಯ. ಇಪ್ಪತ್ತಾರು ವರ್ಷ ನಾನು ಅಣ್ಣನನ್ನು ಕನ್ನಡಿಯಲ್ಲಿ ಮಾತ್ರ ನೋಡಿದ್ದೇನೆ. ಅವನ ಮುಖ ನನಗೆ ತಿರುಗಾಮುರುಗಾ ಗೊತ್ತು.

ಬೇಜಾರಾಯಿತು. ತುಂಬ. ಲೋಟ ಬಕೆಟ್ಟಾದದ್ದಕ್ಕೆ, ಬಲೂನು ಒಡೆದದ್ದಕ್ಕೆ ಆದ ಹಾಗಲ್ಲ. ಇದು ಕೈಯ ತಪ್ಪಲ್ಲವಲ್ಲ.

ಪುಸ್ತಕ ಎತ್ತಿಟ್ಟೆ. ಅಂಚೆಯವರು, ಕಿವಿ, ಹುಬ್ಬು, ಎಲ್ಲ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಏಪ್ರಿಲ್ 28, ಸೋಮವಾರ

ನಿಲ್ಲಿಸಲು ಆಗಲಿಲ್ಲ. ಸುಮ್ಮನೆ ಕೂತರೆ ಕೈ ಏನನ್ನೋ ಹುಡುಕುತ್ತದೆ. ಬಾಗಿಲ ಚಿಲಕ ಬರೆದೆ. ಚಿಲಕಕ್ಕೆ ಎಡಬಲದ ರಗಳೆ ಇದೆಯೋ ಇಲ್ಲವೋ, ಎದುರಿಗೆ ಕೂತು ನೋಡಿಯೇ ಬರೆದೆ.

ಮೇ 4, ಭಾನುವಾರ

ಬಲೂನು. ಎರಡನೆಯದು. ಒಡೆಯಲಿಲ್ಲ. ಮೂರನೆಯದೂ ಒಡೆಯಲಿಲ್ಲ. ನಾಲ್ಕನೆಯದು ಒಡೆಯಿತು. ಇವಳು ಈ ಸಲ ಓಡಿ ಬರಲಿಲ್ಲ. “ಎಷ್ಟನೇದು?” ಎಂದು ಅಲ್ಲಿಂದಲೇ ಕೂಗಿದಳು.

ಮೇ 5, ಸೋಮವಾರ

ಅಂಗಡಿಗೆ ವಾರದ ರಜೆ. ಅಣ್ಣ ಬಂದ. ಅತ್ತಿಗೆ ಹೇಳಿರಬೇಕು, ಕೂರುವ ಮೊದಲೇ, “ಎಲ್ಲಿ ಅದು?” ಎಂದ.

“ತಪ್ಪಾಗಿದೆ ಕಣಣ್ಣ. ಹರಿದು ಹಾಕ್ತೀನಿ.”

“ಮೊದಲು ಕೊಡು.”

ಕೊಟ್ಟೆ. ಅವನು ಬಹಳ ಹೊತ್ತು ನೋಡಿದ. ಗಿರಾಕಿಯನ್ನು ಎಬ್ಬಿಸುವ ಮೊದಲು ಅವನ ಹಿಂದಲೆಯನ್ನು ಕೊನೆಯ ಸಲ ನೋಡುತ್ತಾನಲ್ಲ, ಆ ನೋಟ.

“ಏನು ತಪ್ಪು?”

“ಮಚ್ಚೆ. ಬೈತಲೆ. ಎಲ್ಲ ಆಕಡೆದು ಈಕಡೆ ಆಗಿದೆ. ಅತ್ತಿಗೆ ನೋಡಿ ನೀನಲ್ಲ ಅಂದ್ರು.”

“ಅವಳಿಗೇನು ಗೊತ್ತು?” ಅಣ್ಣ ಟೀವಿಯ ಕಪ್ಪು ಗಾಜಿಗೆ ಮುಖ ಹಿಡಿದು, ಕೆನ್ನೆ ಮುಟ್ಟಿಕೊಂಡು, ಮತ್ತೆ ಕಾಗದ ನೋಡಿದ. “ಇದು ನಾನೇ ಕಣೋ. ನಾನು ದಿನಾ ಬೆಳಿಗ್ಗೆ ನೋಡೋ ಮುಖ ಇದೇ. ಫೋಟೋದಲ್ಲಿ ಇರೋನು ಯಾರೋ ಬೇರೆ. ನಂಗೆ ಯಾವತ್ತೂ ಅವನು ಒಗ್ಗಲೇ ಇಲ್ಲ.”

ಹೌದಲ್ಲ. ಅವನೂ ತನ್ನನ್ನು ನೋಡಿಕೊಂಡಿರುವುದು ಅದೇ ಕನ್ನಡಿಯಲ್ಲಿ, ನನ್ನ ಪಕ್ಕದಲ್ಲೇ ನಿಂತು. ಈ ಮುಖ ಗೊತ್ತಿರುವುದು ಅವನಿಗೆ ಮತ್ತು ನನಗೆ, ಇಬ್ಬರಿಗೇ.

ಕೇಳದೆ ಹಾಳೆಯನ್ನು ಪುಸ್ತಕದಿಂದ ಬಿಡಿಸಿ, ದಿನಪತ್ರಿಕೆಯೊಳಗೆ ಇಟ್ಟು, ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದ. ಮೇ ಹನ್ನೆರಡರ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೇಳಿದರೆ ‘ನೋಡೋಣ’ ಅನ್ನುತ್ತಿದ್ದ.

ಮೇ 9, ಶುಕ್ರವಾರ

ಕೈ ಮೇಡಂ ಕೊನೆಯ ಸಲ ಬೆರಳು ನೋಡಿದರು. ಇನ್ನು ಬರಬೇಕಾಗಿಲ್ಲ, ಚಿತ್ರವನ್ನೂ ನಿಲ್ಲಿಸಬಹುದು ಎಂದರು. ಮೊದಲ ಸಲ ನನ್ನ ಮುಖ ನೋಡಿದರು ಅನ್ನಿಸುತ್ತದೆ.

ಬರುವಾಗ ಹೊಸ ಡ್ರಾಯಿಂಗ್ ಪುಸ್ತಕ ತಂದೆ. ಹಳೆಯದರಲ್ಲಿ ಹಾಳೆ ಮುಗಿದಿತ್ತು, ಅಷ್ಟೇ.

ಮೇ 12, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ಅಣ್ಣನ ಫೋನು. “ಅಂಗಡಿಗೆ ಬಾ.”

“ಇವತ್ತು ರಜೆಯಲ್ವಾ?”

“ಬಾ ಅಂದ್ರೆ ಬಾ.”

ರಜೆಯ ದಿನ ಕರೆದು ಹೇಳುವುದು ಕೆಟ್ಟ ಸುದ್ದಿಯೇ. ಇವಳು ಬಾಗಿಲವರೆಗೆ ಬಂದು ಕಾಲರ್ ಸರಿ ಮಾಡಿದಳು.

ಷಟರ್ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೆ. ಲೈಟು ಹಾಕಿ ಅಣ್ಣ ನನ್ನ ಕುರ್ಚಿಯಲ್ಲಿ ಕೂತಿದ್ದ. ಕುತ್ತಿಗೆಗೆ ಬಟ್ಟೆ ತಾನೇ ಕಟ್ಟಿಕೊಂಡಿದ್ದ. ಗಡ್ಡ ಎರಡು ದಿನದ್ದು. ಅವನು ಎರಡು ದಿನ ಗಡ್ಡ ಬಿಟ್ಟದ್ದನ್ನು ನಾನು ನೋಡಿಯೇ ಇಲ್ಲ.

“ಮಾಡು,” ಎಂದ ಕನ್ನಡಿಗೆ.

“ಅಣ್ಣ, ಬಲೂನೇ ಇನ್ನೂ...”

“ನಾನೇನು ಬಲೂನಾ? ಮಾಡು.”

ಇಪ್ಪತ್ತಾರು ವರ್ಷದಲ್ಲಿ ನಾನು ಅಣ್ಣನ ಗಡ್ಡ ತೆಗೆದದ್ದಿಲ್ಲ. ಅವನದು ಅವನೇ ಮಾಡಿಕೊಳ್ಳುತ್ತಾನೆ. ನೊರೆ ಹಚ್ಚಿದೆ. ಹೊಸ ಬ್ಲೇಡು ಹಾಕಿದೆ. ಕೈ ನಡುಗಿತು. ಅವನು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿ ಗಂಟಲು ಕೊಟ್ಟ. ಅದನ್ನು ನೋಡಿ ಇನ್ನಷ್ಟು ನಡುಗಿತು. ರೇಜರ್ ಕೆಳಗಿಟ್ಟೆ. ಹತ್ತು ಎಣಿಸಿ ಮತ್ತೆ ಎತ್ತಿಕೊಂಡೆ. ಚಿಲಕ ಬರೆದೆನಲ್ಲ, ಹಾಗೆಯೇ ಎಂದುಕೊಂಡೆ. ಎದುರಿಗಿರುವುದನ್ನು ನೋಡು, ನೋಡಿದಷ್ಟೇ ಎಳೆ.

ಬಲಗೆನ್ನೆ ಆಯಿತು. ಗಲ್ಲ ಆಯಿತು. ಎಡಗೆನ್ನೆಗೆ ಬಂದಾಗ ನೊರೆಯ ಅಡಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಬೆರಳಿನಿಂದ ನೊರೆ ಸರಿಸಿದೆ. ಮಚ್ಚೆ ಅಲ್ಲೇ ಇತ್ತು, ಎಡಗಡೆ. ಸುತ್ತಿಕೊಂಡು ಹೋದೆ. ಗಂಟಲು ಕೊನೆಗೆ. ರಕ್ತ ಬರಲಿಲ್ಲ.

ಬಿಸಿ ಟವೆಲ್ ಒತ್ತಿ ತೆಗೆದೆ. ಇಬ್ಬರೂ ಕನ್ನಡಿ ನೋಡಿದೆವು. ಅಣ್ಣ ಗಲ್ಲ ಸವರಿಕೊಂಡ.

“ಶಿಳ್ಳೆಗೆ ಏನು ಹೇಳ್ತೀಯ ಇವತ್ತು?” ಎಂದೆ.

“ಫೆಬ್ರವರಿಯಲ್ಲೇ ಹೇಳಿಬಿಟ್ಟೆ. ಮೇ ಹನ್ನೆರಡರ ತನಕ ಅಷ್ಟೇ ಅಂತ. ನಿನ್ನೆ ಸಾಮಾನು ತಗೊಂಡು ಹೋದ.”

“ಫೆಬ್ರವರಿಯಲ್ಲಾ? ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಅಂಗಡಿಗೆ ಬಂದಿರ್ಲಿಲ್ವಲ್ಲ,” ಎಂದ. ಮನೆಯಲ್ಲಿ ಇಂಥ ಮಾತು ಹೇಳುವುದು ಹೇಗೆ ಎನ್ನುವ ಹಾಗೆ.

“ಅಣ್ಣ, ನನ್ನ ಕೈ ಸರಿ ಹೋಗದೇ ಇದ್ದಿದ್ರೆ?”

“ಕುರ್ಚಿ ಖಾಲಿ ಇರ್ತಿತ್ತು.”

ಟವೆಲ್ ಮಡಚುವ ನೆಪದಲ್ಲಿ ತಲೆ ತಗ್ಗಿಸಿದೆ. ಕಣ್ಣು ತುಂಬಿತ್ತು. ಎತ್ತಿದಾಗ ಕನ್ನಡಿಯಲ್ಲಿ ಇನ್ನೊಂದು ಮುಖ ಕಂಡಿತು. ಹಿಂದಿನ ಗೋಡೆಯಲ್ಲಿ, ಕ್ಯಾಲೆಂಡರ್ ಇದ್ದ ಜಾಗದಲ್ಲಿ, ನನ್ನ ಚಿತ್ರ. ಫ್ರೇಮು ಹಾಕಿಸಿದ್ದಾನೆ. ಕುರ್ಚಿಯಲ್ಲಿ ಕೂತ ಅಣ್ಣನ ಮಚ್ಚೆ ಕನ್ನಡಿಯಲ್ಲಿ ಆಕಡೆ, ಗೋಡೆಯ ಅಣ್ಣನ ಮಚ್ಚೆ ಕನ್ನಡಿಯಲ್ಲಿ ಈಕಡೆ. ಕಾಗದದ ಮೇಲೆ ತಪ್ಪಿದ್ದದ್ದು ಕನ್ನಡಿಯಲ್ಲಿ ಸರಿಯಾಗಿತ್ತು. ಅತ್ತಿಗೆ ದಿನಾ ಎದುರಿಗೆ ನೋಡುವ ಮುಖ ಅದು, ಎಡಗೆನ್ನೆಯ ಮಚ್ಚೆಯದು.

“ಬೇಕು ಅಂತ ಅಲ್ಲಿ ಹಾಕಿದ್ಯಾ?”

“ಮೊಳೆ ಅಲ್ಲೇ ಇತ್ತು,” ಎಂದ ಅಣ್ಣ. ಆಮೇಲೆ ಬಟ್ಟೆ ಕೊಡವಿ ಎದ್ದ. “ನಾಳೆ ಎಂಟಕ್ಕೆ ಬಾ. ಪೌಡರ್ ಡಬ್ಬಿ ನಿನ್ನ ಜಾಗಕ್ಕೆ ಇಟ್ಕೋ.”

ಮೇ 13, ಮಂಗಳವಾರ

ಎಂಟಕ್ಕೆ ಹೋದೆ. ಹನ್ನೊಂದು ತಲೆ, ನಾಲ್ಕು ಗಡ್ಡ. ಅಂಚೆಯವರು ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿ, “ಇದ್ಯಾರು ಬರೆದಿದ್ದು? ಅಣ್ಣನೇ ಬಂದು ನಿಂತ ಹಾಗಿದೆ,” ಎಂದರು. ಅಣ್ಣ ಒಂದು ಹುಬ್ಬು ಎತ್ತಿದ. ಹೋಗುವಾಗ ಅವರು ಗೋಡೆಯ ಹತ್ತಿರ ನಿಂತು ಚಿತ್ರವನ್ನು ನೇರವಾಗಿ ನೋಡಿ, ತಲೆ ಕೆರೆದುಕೊಂಡು ಹೋದರು.

ಹೊಸ ಪುಸ್ತಕದ ಮೊದಲ ಪುಟ ಇನ್ನೂ ಖಾಲಿ ಇದೆ. ಮುಂದಿನ ಸೋಮವಾರ ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಬರೆಯಬೇಕೆಂದಿದ್ದೇನೆ. ಎಲ್ಲಿ ನೋಡಬೇಕೆಂದು ಅವನಿಗೆ ಹೇಳಿಕೊಡಬೇಕು.